ಪಿರ್ರೋ ಎಂಬ ಹೆಸರಿನ ಸುತ್ತ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ದಿನಪತ್ರಿಕೆಯನ್ನು ಬಿಡಿಸಿಕೊಂಡು ಕುಳಿತಿದ್ದೆ. ಹುಬ್ಬಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ದೂರವಾಣಿ ಕರೆ ಬಂದಿತು. ಈಗ ಅಲ್ಲಿ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದಾಳೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಕುಶಲಪ್ರಶ್ನೆಗಳಾದ ಮೇಲೆ, "ಸರ್, ನಿಮ್ಮನ್ನ ಒಂದು ವಿಷಯ ಕೇಳಬೇಕಿತ್ತು. ನನ್ನ ಮಗಳು ಎಲ್ಲೋ ‘ಪಿರ್ರೋನಿಸಂ’ ಅಂತ ಓದಿದ್ದಾಳೆ. ನೀವು ಒಂಬತ್ತನೇ ತರಗತಿಯಲ್ಲಿ ನಮಗೆ ‘ಪಿರ್ರಿಕ್ ವಿಜಯ’ ಅಂತ ಹೇಳಿಕೊಟ್ಟಿದ್ದು ನನಗೆ ಜ್ಞಾಪಕ ಇದೆ. ಎರಡೂ ಒಬ್ಬನೇ ಮನುಷ್ಯನ ಹೆಸರಾ ಸರ್?" ಎಂದು ಕೇಳಿದಳು.

ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಬೋಧಿಸಿದವನಿಗೆ ‘ಗೊತ್ತಿಲ್ಲ’ ಎಂಬ ಮಾತು ನಾಲಿಗೆಗೆ ಸುಲಭವಾಗಿ ಬರುವುದಿಲ್ಲ. "ಹೌದಮ್ಮ, ಅವನೇ ಇವನು. ಯುದ್ಧದಲ್ಲಿ ಗೆದ್ದೂ ಸೋತಂತಾಗಿ, ಜುಗುಪ್ಸೆ ಹುಟ್ಟಿ, ರಾಜ್ಯ ಬಿಟ್ಟು ತತ್ತ್ವಜ್ಞಾನಿಯಾದ. ಕಳಿಂಗ ಯುದ್ಧದ ನಂತರ ನಮ್ಮ ಅಶೋಕ ಬದಲಾಗಲಿಲ್ಲವೇ, ಹಾಗೆ" ಎಂದು ಹೇಳಿದೆ. ಅವಳಿಗೆ ಬಹಳ ಸಂತೋಷವಾಯಿತು. ನನಗೂ ಆಯಿತು.

ರಾತ್ರಿ ಮಲಗಿದಾಗ ಸಂತೋಷ ಕರಗತೊಡಗಿತು. ಈ ವಿಷಯವನ್ನು ನಾನು ಎಲ್ಲಿ ಓದಿದ್ದೆ? ಎಷ್ಟು ಯೋಚಿಸಿದರೂ ಯಾವ ಪುಸ್ತಕವೂ ನೆನಪಿಗೆ ಬರಲಿಲ್ಲ. ಓದಿರಲೇ ಇಲ್ಲ. ಅವಳು ಕೇಳಿದ ಕ್ಷಣದಲ್ಲಿ ನಾನೇ ಕಟ್ಟಿದ ಕಥೆ ಅದು. ಅಶೋಕನ ಹೋಲಿಕೆಯಿಂದ ಅದಕ್ಕೆ ಒಪ್ಪವಾದ ಆಕಾರವೂ ಬಂದಿತ್ತು. ಎದ್ದು ದೀಪ ಹಾಕಿ ಕಪಾಟಿನ ಪುಸ್ತಕಗಳನ್ನು ಕೆಳಗಿಳಿಸಿದೆ. ಮರುದಿನದಿಂದ ಗ್ರಂಥಾಲಯಕ್ಕೂ ಹೋದೆ. ಮೂರು ವಾರಗಳ ಓದಿನ ಫಲವೇ ಈ ಲೇಖನ. ಇದರ ಕೊನೆಯಲ್ಲಿ ನನ್ನ ಹಳೆಯ ತಪ್ಪೊಂದನ್ನೂ ಹೇಳಿಕೊಳ್ಳಬೇಕಾಗಿದೆ. ಅದು ಈ ದೂರವಾಣಿಯ ತಪ್ಪಿಗಿಂತ ದೊಡ್ಡದು.

ಮೊದಲು ರಾಜನ ವಿಷಯವನ್ನು ಮುಗಿಸಿಬಿಡೋಣ. ‘ಪಿರ್ರಿಕ್ ವಿಜಯ’ಕ್ಕೆ ಕಾರಣನಾದವನು ಗ್ರೀಸಿನ ವಾಯವ್ಯದಲ್ಲಿದ್ದ ಎಪಿರಸ್ ರಾಜ್ಯದ ದೊರೆ ಪಿರ್ರಸ್. ರೋಮನರ ಮೇಲೆ ಯುದ್ಧಕ್ಕೆ ಇಪ್ಪತ್ತು ಆನೆಗಳೊಡನೆ ಇಟಲಿಗೆ ಹೋದನು. ಕ್ರಿ.ಪೂ. 280ರಲ್ಲಿ ಹೆರಕ್ಲಿಯಾದಲ್ಲಿಯೂ 279ರಲ್ಲಿ ಆಸ್ಕುಲಂನಲ್ಲಿಯೂ ಗೆದ್ದನು. ಆದರೆ ಆ ಗೆಲುವಿನಲ್ಲಿ ತನ್ನ ಸೈನ್ಯದ ಬಹುಭಾಗವನ್ನೂ ನೆಚ್ಚಿನ ನಾಯಕರನ್ನೂ ಕಳೆದುಕೊಂಡನು. ಅಭಿನಂದಿಸಿದವನಿಗೆ, ಇಂಥ ಇನ್ನೊಂದು ಜಯ ದೊರೆತರೆ ತಾನು ಪೂರ್ಣ ನಾಶವಾದಂತೆಯೇ ಎಂದು ಉತ್ತರಿಸಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಜುಗುಪ್ಸೆಯೂ ಇಲ್ಲ, ವೈರಾಗ್ಯವೂ ಇಲ್ಲ. ಕೊನೆಯವರೆಗೂ ಕಾದಾಡುತ್ತಲೇ ಇದ್ದು, ಕ್ರಿ.ಪೂ. 272ರಲ್ಲಿ ಆರ್ಗೋಸ್ ನಗರದ ಬೀದಿಯ ಕಾಳಗದಲ್ಲಿ, ಮಹಡಿಯ ಮೇಲಿಂದ ಮುದುಕಿಯೊಬ್ಬಳು ಎಸೆದ ಹೆಂಚಿನ ಪೆಟ್ಟಿಗೆ ಸಿಕ್ಕಿ ಅಳಿದನು.

ತತ್ತ್ವಜ್ಞಾನಿ ಪಿರ್ರೋ ಬೇರೆಯೇ ಮನುಷ್ಯ. ಸುಮಾರು ಕ್ರಿ.ಪೂ. 360ರಿಂದ 270ರವರೆಗೆ ಬದುಕಿದ್ದವನು. ಒಲಿಂಪಿಕ್ ಕ್ರೀಡೆಗಳಿಗೆ ಹೆಸರಾದ ಒಲಿಂಪಿಯಾ ಇರುವ ಎಲಿಸ್ ಪ್ರಾಂತ್ಯದವನು. ರಾಜನೂ ಇವನೂ ಸಮಕಾಲೀನರು ಎಂಬುದನ್ನು ಬಿಟ್ಟರೆ ಇಬ್ಬರಿಗೂ ಇರುವ ಸಂಬಂಧ ಹೆಸರಿನದು ಮಾತ್ರ. ಗ್ರೀಕ್ ಭಾಷೆಯಲ್ಲಿ ‘ಪಿರ್’ ಎಂದರೆ ಬೆಂಕಿ. ‘ಪಿರ್ರೋಸ್’ ಎಂದರೆ ಬೆಂಕಿಯ ಬಣ್ಣದ, ಕೆಂಪಾದ ಎಂದರ್ಥ. ಬಹುಶಃ ಕೆಂಗೂದಲಿನ ಮಕ್ಕಳಿಗೆ ಇಡುತ್ತಿದ್ದ ಹೆಸರು. ಇದನ್ನು ಓದಿದಾಗ ನನಗೆ ನಗು ಬಂದಿತು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಕೆಂಪಯ್ಯ, ಕೆಂಪಣ್ಣ, ಕೆಂಪಮ್ಮ ಇಲ್ಲದ ಊರುಂಟೇ? ಬೆಂಗಳೂರನ್ನು ಕಟ್ಟಿಸಿದವನು ಕೆಂಪೇಗೌಡ. 1895ರಿಂದ 1902ರವರೆಗೆ ರೀಜೆಂಟರಾಗಿ ಮೈಸೂರು ರಾಜ್ಯವನ್ನು ಆಳಿದ ವಾಣಿವಿಲಾಸ ಸನ್ನಿಧಾನದವರ ಹೆಸರು ಕೆಂಪನಂಜಮ್ಮಣ್ಣಿ. ಹೆಸರಿನ ಅರ್ಥ ಒಂದೇ ಎಂದು ಕೆಂಪೇಗೌಡರನ್ನೂ ಬೀದಿಯ ಕೊನೆಯಲ್ಲಿ ಸೊಪ್ಪು ಮಾರುವ ಕೆಂಪಣ್ಣನನ್ನೂ ಒಬ್ಬರೇ ಎಂದರೆ ಹೇಗೋ, ನಾನು ಆ ಭಾನುವಾರ ಹೇಳಿದ್ದು ಹಾಗೆಯೇ ಇತ್ತು.

ಹೆಸರಿನ ಉಚ್ಚಾರಣೆಯ ಬಗ್ಗೆಯೂ ಒಂದು ಮಾತು. ಮೂಲದಲ್ಲಿ ಅವನು ‘ಪಿರ್ರೋನ್’. ಲ್ಯಾಟಿನ್ನಿನಲ್ಲಿ ಕೊನೆಯ ನಕಾರ ಬಿದ್ದುಹೋಯಿತು. ಇಂಗ್ಲಿಷ್ ಅದನ್ನೇ ಅನುಸರಿಸಿತು. ಇಂಗ್ಲಿಷಿನಿಂದ ನಮಗೆ ಬಂದಿತು. ಪ್ಲಾಟೋನ್ ‘ಪ್ಲೇಟೋ’ ಆದದ್ದೂ ಹೀಗೆಯೇ. ಅರಬ್ಬಿಯ ದಾರಿಯಲ್ಲಿ ಬಂದ ಹೆಸರಿನಲ್ಲಿ ಮಾತ್ರ ಆ ನಕಾರ ಉಳಿದಿದೆ: ಅಫಲಾತೂನ್. ಉರ್ದು ಮಾತಿನಲ್ಲಿ ಈ ಪದದ ಪ್ರಯೋಗವನ್ನು ನೀವೂ ಕೇಳಿರಬಹುದು. ತಾನೇ ಮಹಾಬುದ್ಧಿವಂತನೆಂದು ಮೆರೆಯುವವನನ್ನು ‘ದೊಡ್ಡ ಅಫಲಾತೂನ್’ ಎಂದು ಚುಚ್ಚುತ್ತಾರೆ. ಜಗತ್ತಿನ ಮಹಾತತ್ತ್ವಜ್ಞಾನಿಯ ಹೆಸರು ಬೀದಿಗೆ ಬಂದು ಬೈಗುಳವಾದ ಬಗೆ ಇದು. ಪಿರ್ರೋನ ಹೆಸರಿಗೂ ಇಂಥದೇ ಗತಿ ಒದಗಿತು. ಅದನ್ನು ಹೇಳುವ ಮುನ್ನ ಅವನ ಬಾಳನ್ನು ಸ್ವಲ್ಪ ನೋಡಬೇಕು.

ಪಿರ್ರೋ ಮೊದಲು ಬಡ ಚಿತ್ರಕಾರನಾಗಿದ್ದನು. ಎಲಿಸ್ ನಗರದ ವ್ಯಾಯಾಮಶಾಲೆಯಲ್ಲಿ ಅವನು ಬರೆದ ಪಂಜು ಹಿಡಿದ ಓಟಗಾರರ ಚಿತ್ರಗಳಿದ್ದುವಂತೆ. ತಕ್ಕಮಟ್ಟಿಗೆ ಚೆನ್ನಾಗಿದ್ದುವೆಂದು ಹಳೆಯ ಲೇಖಕನೊಬ್ಬನ ಅಭಿಪ್ರಾಯ. ಮುಂದೆ ಅಬ್ದೇರಾ ನಗರದ ಅನಾಕ್ಸಾರ್ಕಸ್ ಎಂಬ ತತ್ತ್ವಜ್ಞಾನಿಯ ಶಿಷ್ಯನಾದನು. ಈ ಅನಾಕ್ಸಾರ್ಕಸ್ ಅಲೆಕ್ಸಾಂಡರನ ಪರಿವಾರದಲ್ಲಿದ್ದವನು. ಹೀಗಾಗಿ ಗುರುಶಿಷ್ಯರಿಬ್ಬರೂ ಸೈನ್ಯದ ಜೊತೆಯಲ್ಲಿ ಭಾರತದವರೆಗೆ ಬಂದರು. ಅಲೆಕ್ಸಾಂಡರ್ ಸಿಂಧೂನದಿಯನ್ನು ದಾಟಿ ತಕ್ಷಶಿಲೆಗೆ ಬಂದದ್ದು ಕ್ರಿ.ಪೂ. 326ರಲ್ಲಿ.

ಅಲ್ಲಿ ಗ್ರೀಕರು ಬೆತ್ತಲೆ ಸನ್ಯಾಸಿಗಳನ್ನು ಕಂಡು ಬೆರಗಾದರು. ಅವರಿಗೆ ‘ಜಿಮ್ನೊಸೊಫಿಸ್ಟ್’, ಅಂದರೆ ಬೆತ್ತಲೆ ಜ್ಞಾನಿಗಳು, ಎಂದು ಹೆಸರಿಟ್ಟರು. ಒನೆಸಿಕ್ರಿಟಸ್ ಎಂಬವನು ಅವರೊಡನೆ ಮಾತನಾಡಲು ಹೋದನು. ಮೂವರು ದುಭಾಷಿಗಳ ಮೂಲಕ ಮಾತು ಸಾಗಬೇಕಾಯಿತು. ಅವರಲ್ಲಿ ಒಬ್ಬ ಸನ್ಯಾಸಿಯ ಹೆಸರಿನ ಕಥೆ ಸ್ವಾರಸ್ಯವಾಗಿದೆ. ಅವನ ನಿಜವಾದ ಹೆಸರು ಸ್ಫಿನೆಸ್ ಎಂದಿತ್ತಂತೆ. ಎದುರಾದವರಿಗೆಲ್ಲ ಅವನು ‘ಕಲೆ’ ಎಂದು ಹರಸುತ್ತಿದ್ದುದರಿಂದ ಗ್ರೀಕರು ಅವನನ್ನು ‘ಕಲನೋಸ್’ ಎಂದು ಕರೆದರೆಂದು ಪ್ಲೂಟಾರ್ಕ್ ಹೇಳುತ್ತಾನೆ. ಆ ಹರಕೆಯ ಮಾತು ‘ಕಲ್ಯಾಣ’ ಇದ್ದೀತೆಂದು ವಿದ್ವಾಂಸರ ಊಹೆ. ಅವನು ಸೈನ್ಯದೊಡನೆ ಪರ್ಷಿಯಾಕ್ಕೆ ಹೋಗಿ, ಅಲ್ಲಿ ಕಾಯಿಲೆ ಬಿದ್ದಾಗ ಎಲ್ಲರೂ ನೋಡುತ್ತಿರುವಂತೆಯೇ ಚಿತೆಯೇರಿ ದೇಹ ಬಿಟ್ಟನು. ಬೆಂಕಿಯಲ್ಲಿ ಅಲುಗಾಡಲಿಲ್ಲವೆಂದು ಗ್ರೀಕರು ಬರೆದಿಟ್ಟರು. ಆಡಿದ ಒಂದು ಮಾತೇ ಅವನಿಗೆ ಹೆಸರಾಗಿ ಎರಡು ಸಾವಿರದ ಮುನ್ನೂರು ವರ್ಷ ಉಳಿದುಬಂದಿದೆ. ಸ್ವಂತ ಹೆಸರು ಯಾರಿಗೂ ಬೇಡವಾಯಿತು.

ಪಿರ್ರೋನ ಮೇಲೆ ಭಾರತ ಮಾಡಿದ ಪರಿಣಾಮವನ್ನು ಹೇಳುವ ಘಟನೆಯೊಂದನ್ನು ಡಯೋಜಿನಿಸ್ ಲೇರ್ಷಿಯಸ್ ಎಂಬ ಚರಿತ್ರಕಾರ ದಾಖಲಿಸಿದ್ದಾನೆ. ರಾಜರ ಆಸ್ಥಾನದಲ್ಲಿ ಓಲೈಸಿಕೊಂಡು ತಿರುಗುವವನು ಇತರರಿಗೆ ಒಳಿತನ್ನು ಹೇಗೆ ತಾನೇ ಬೋಧಿಸಿಯಾನು ಎಂದು ಭಾರತೀಯನೊಬ್ಬನು ಅನಾಕ್ಸಾರ್ಕಸನನ್ನು ಆಕ್ಷೇಪಿಸಿದನಂತೆ. ಮಾತು ಗುರುವಿಗೆ ಆಡಿದ್ದು, ನಾಟಿದ್ದು ಶಿಷ್ಯನಿಗೆ. ಪಿರ್ರೋ ಊರಿಗೆ ಹಿಂತಿರುಗಿ ಏಕಾಂತವನ್ನು ಅರಸಿದನು. ಸೂಲಗಿತ್ತಿಯಾಗಿದ್ದ ತನ್ನ ಅಕ್ಕನೋ ತಂಗಿಯೋ ಆದ ಫಿಲಿಸ್ತಾಳೊಡನೆ ಸರಳವಾಗಿ ಬಾಳಿದನು. ಕೋಳಿಗಳನ್ನೂ ಹಂದಿಮರಿಗಳನ್ನೂ ಸಂತೆಗೆ ಒಯ್ದು ಮಾರುತ್ತಿದ್ದನು, ಮನೆಯ ಕಸ ತೆಗೆಯುತ್ತಿದ್ದನು, ಹಂದಿಯ ಮೈಯನ್ನೂ ತೊಳೆಯುತ್ತಿದ್ದನು. ಸಮುದ್ರದಲ್ಲಿ ಬಿರುಗಾಳಿ ಎದ್ದು ಹಡಗಿನಲ್ಲಿದ್ದವರೆಲ್ಲ ನಡುಗುತ್ತಿದ್ದಾಗ, ತನ್ನ ಪಾಡಿಗೆ ತಾನು ಮೇವು ತಿನ್ನುತ್ತಿದ್ದ ಹಂದಿಮರಿಯನ್ನು ತೋರಿಸಿ, ತಿಳಿದವನ ಮನಸ್ಸು ಹೀಗೆ ಕದಡದೆ ಇರಬೇಕು ಎಂದನಂತೆ.

ಅವನ ಬಗ್ಗೆ ಇನ್ನೊಂದು ಬಗೆಯ ಕಥೆಗಳೂ ಇವೆ. ಕಣ್ಣು ಕಂಡದ್ದನ್ನೂ ನಂಬದ ಅವನು ಎದುರು ಬರುವ ಬಂಡಿಗೂ ನಾಯಿಗೂ ಪ್ರಪಾತಕ್ಕೂ ಸರಿದುಕೊಳ್ಳುತ್ತಿರಲಿಲ್ಲವಂತೆ. ಗೆಳೆಯರು ಹಿಂದೆ ಹಿಂದೆಯೇ ಹೋಗಿ ಕಾಪಾಡಬೇಕಿತ್ತಂತೆ. ಆದರೆ ಇವೆಲ್ಲ ಕಟ್ಟುಕಥೆ, ದಿನನಿತ್ಯದ ವ್ಯವಹಾರದಲ್ಲಿ ಅವನು ಎಚ್ಚರವಾಗಿಯೇ ಇದ್ದನೆಂದು ಅವನ ಪಂಥದವರೇ ಬರೆದಿದ್ದಾರೆ. ಬಂಡಿಗೆ ಸರಿಯದವನು ತೊಂಬತ್ತರ ಹತ್ತಿರದವರೆಗೆ ಬದುಕುವುದು ಹೇಗೆ? ಒಮ್ಮೆ ನಾಯಿ ಮೇಲೆರಗಿದಾಗ ಅವನು ಬೆಚ್ಚಿದ್ದನ್ನು ಯಾರೋ ಎತ್ತಿ ಆಡಿದರಂತೆ. ಮನುಷ್ಯಸ್ವಭಾವವನ್ನು ಪೂರ್ತಿಯಾಗಿ ಕಳಚಿಹಾಕುವುದು ಕಷ್ಟ ಎಂದು ಅವನು ಒಪ್ಪಿಕೊಂಡನು. ಈ ಪಿರ್ರೋ ನನಗೆ ಹೆಚ್ಚು ಆಪ್ತನೆನಿಸುತ್ತಾನೆ. ಊರಿನವರೂ ಅವನನ್ನು ಹುಚ್ಚನೆಂದು ತಿಳಿಯಲಿಲ್ಲ. ಅವನನ್ನು ಪ್ರಧಾನ ಅರ್ಚಕನನ್ನಾಗಿ ಮಾಡಿದರು. ಅವನ ಗೌರವಾರ್ಥ ತತ್ತ್ವಜ್ಞಾನಿಗಳಿಗೆಲ್ಲ ತೆರಿಗೆಯನ್ನು ಮನ್ನಾ ಮಾಡಿದರು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ನಂತರ ಪೌಸೇನಿಯಸ್ ಎಂಬ ಪ್ರವಾಸಿ ಎಲಿಸ್ ನಗರಕ್ಕೆ ಹೋದಾಗ ಅಲ್ಲಿ ಪಿರ್ರೋನ ಪ್ರತಿಮೆಯನ್ನು ಕಂಡನು.

ಪಿರ್ರೋ ತನ್ನ ವಿಚಾರವನ್ನು ಗ್ರಂಥವಾಗಿ ಬರೆದಿಡಲಿಲ್ಲ. ಟೈಮನ್ ಎಂಬ ಶಿಷ್ಯ ಬರೆದದ್ದೂ ಚೂರುಚೂರಾಗಿ ಉಳಿದಿದೆ. ಅದರ ಪ್ರಕಾರ ಸುಖವಾಗಿರಬೇಕೆನ್ನುವವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ವಸ್ತುಗಳ ಸ್ವರೂಪವೇನು? ಅವುಗಳ ಬಗ್ಗೆ ನಮ್ಮ ನಿಲುವು ಹೇಗಿರಬೇಕು? ಅದರಿಂದ ನಮಗೆ ಬರುವ ಫಲವೇನು? ವಸ್ತುಗಳು ಇಂಥವೇ ಎಂದು ನಿರ್ಧರಿಸಲಾಗದವು. ಆದ್ದರಿಂದ ‘ಇದು ಹೀಗೆಯೇ’ ಎಂಬ ಹಟವನ್ನು ಬಿಡಬೇಕು. ಬಿಟ್ಟರೆ ಮೊದಲು ಮೌನ, ಆ ಬಳಿಕ ಕದಡದ ಶಾಂತಿ ದೊರೆಯುತ್ತದೆ. ಆ ಶಾಂತಿಗೆ ಗ್ರೀಕರು ಕೊಟ್ಟ ಹೆಸರು ‘ಅತರಾಕ್ಸಿಯಾ’. ತೀರ್ಮಾನವನ್ನು ತಡೆಹಿಡಿಯುವುದಕ್ಕೆ ಅವನ ಪಂಥದಲ್ಲಿ ಬಳಕೆಯಾದ ಪದ ‘ಎಪೋಖೇ’.

ಅವನು ಸತ್ತು ಸುಮಾರು ಇನ್ನೂರು ವರ್ಷಗಳಾದ ಮೇಲೆ, ಕ್ರಿ.ಪೂ. ಒಂದನೆಯ ಶತಮಾನದಲ್ಲಿ, ಏನೆಸಿಡೆಮಸ್ ಎಂಬವನು ಹೊಸ ಪಂಥವನ್ನು ಕಟ್ಟಿ ಅದಕ್ಕೆ ಪಿರ್ರೋನ ಹೆಸರನ್ನು ಇಟ್ಟನು. ಆ ಪಂಥದ ಮುಖ್ಯ ಗ್ರಂಥಗಳನ್ನು ನಮಗೆ ಬಿಟ್ಟುಹೋದವನು ಸೆಕ್ಸ್ಟಸ್ ಎಂಪಿರಿಕಸ್ ಎಂಬ ವೈದ್ಯ. ತನ್ನವರನ್ನು ನಾಲ್ಕು ಹೆಸರುಗಳಿಂದ ಕರೆಯುತ್ತಾರೆಂದು ಅವನು ಹೇಳುತ್ತಾನೆ: ಹುಡುಕುವವರು, ತೀರ್ಮಾನವನ್ನು ತಡೆಹಿಡಿಯುವವರು, ಗೊಂದಲದಲ್ಲಿ ನಿಲ್ಲುವವರು, ಪಿರ್ರೋನವರು. ಕೊನೆಯ ಹೆಸರು ಏಕೆಂದರೆ, ಪಿರ್ರೋ ತನ್ನ ಹಿಂದಿನವರಿಗಿಂತ ಹೆಚ್ಚು ಸ್ಪಷ್ಟವಾಗಿ ಈ ದಾರಿಯಲ್ಲಿ ನಡೆದವನಂತೆ ತನಗೆ ತೋರುತ್ತದೆ ಎಂದು ಅವನ ವಿವರಣೆ. ‘ತೋರುತ್ತದೆ’ ಎನ್ನುತ್ತಾನೆ, ‘ಆಗಿದೆ’ ಎನ್ನುವುದಿಲ್ಲ.

ಇದಕ್ಕೂ ಆಕ್ಷೇಪ ಬಂದಿತು! ಥಿಯೊಡೋಸಿಯಸ್ ಎಂಬವನು ಈ ಪಂಥಕ್ಕೆ ಪಿರ್ರೋನ ಹೆಸರು ಸಲ್ಲದು ಎಂದನು. ಇನ್ನೊಬ್ಬನ ಮನಸ್ಸಿನ ಒಳಗನ್ನು ಅರಿಯಲಾಗದೆಂಬುದು ನಮ್ಮ ಸಿದ್ಧಾಂತವಾದರೆ, ಪಿರ್ರೋನ ಮನಸ್ಸು ಹೇಗಿತ್ತೆಂದು ನಮಗೆ ತಿಳಿಯುವುದು ಹೇಗೆ? ಅದು ತಿಳಿಯದೆ ಅವನವರು ಎಂದು ಕರೆದುಕೊಳ್ಳುವುದು ಹೇಗೆ? ತನ್ನ ಹೆಸರನ್ನೇ ಹೀಗೆ ಪರೀಕ್ಷೆಗೆ ಒಡ್ಡಿದ ಪಂಥ ಇನ್ನೊಂದಿರಲಾರದು. ಮತ ಮಠ ಪಕ್ಷಗಳ ಹೆಸರಿಗಾಗಿ ಜನ ಬಡಿದಾಡುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಮುಂದೆ ಆ ಹೆಸರು ಬಹುಕಾಲ ಪಶ್ಚಿಮ ಯೂರೋಪಿನಲ್ಲಿ ಮಸುಕಾಗಿತ್ತು. 1562ರಲ್ಲಿ ಸೆಕ್ಸ್ಟಸನ ಗ್ರಂಥ ಲ್ಯಾಟಿನ್ನಿನಲ್ಲಿ ಅಚ್ಚಾದ ಮೇಲೆ ಮತ್ತೆ ಎಲ್ಲರ ಬಾಯಿಗೆ ಬಂದಿತು. ಫ್ರಾನ್ಸಿನ ಪ್ರಬಂಧಕಾರ ಮೊಂತೇನ್ 1576ರಲ್ಲಿ ತಕ್ಕಡಿಯ ಚಿತ್ರವಿರುವ ಪದಕವನ್ನು ಮಾಡಿಸಿಕೊಂಡು, ತೀರ್ಮಾನವನ್ನು ತಡೆಹಿಡಿಯುತ್ತೇನೆ ಎಂಬರ್ಥದ ಗ್ರೀಕ್ ಪದವನ್ನು ಅದರ ಮೇಲೆ ಕೆತ್ತಿಸಿದನು. ಆದರೆ ಬಹುಮಂದಿಗೆ ‘ಪಿರ್ರೋನಿಸ್ಟ್’ ಎಂದರೆ ನಾಸ್ತಿಕ, ಹಟಮಾರಿ ಅಥವಾ ಮರುಳ ಎಂಬರ್ಥವೇ ಆಯಿತು. 1664ರ ಮೊಲಿಯೇರನ ಪ್ರಹಸನವೊಂದರಲ್ಲಿ ಇಂಥ ಪಂಡಿತನೊಬ್ಬ ಬರುತ್ತಾನೆ. ಸಲಹೆ ಕೇಳಲು ಬಂದವನಿಗೆ, ‘ನಾನು ಬಂದಿದ್ದೇನೆ’ ಎನ್ನಬಾರದು, ‘ಬಂದಿರುವಂತೆ ನನಗೆ ತೋರುತ್ತದೆ’ ಎನ್ನಬೇಕು ಎಂದು ಪಾಠ ಹೇಳುತ್ತಾನೆ. ಬಂದವನು ರೋಸಿ ನಾಲ್ಕು ಬಾರಿಸುತ್ತಾನೆ. ಪಂಡಿತ ಕೂಗಿಕೊಂಡರೆ, ಹೊಡೆದಂತೆ ನಿಮಗೆ ತೋರುತ್ತಿದೆ ಎನ್ನಿ ಸ್ವಾಮಿ ಎಂದು ತಿರುಗಿ ಪಾಠ ಹೇಳುತ್ತಾನೆ. ಡೇವಿಡ್ ಹ್ಯೂಮನಂಥ ಸಂದೇಹಿಯೂ 1748ರಲ್ಲಿ, ಪಿರ್ರೋನ ಮಾರ್ಗವನ್ನು ಎಲ್ಲರೂ ಹಿಡಿದರೆ ಲೋಕವ್ಯವಹಾರವೇ ನಿಂತುಹೋದೀತೆಂದು ಬರೆದು, ತನಗೆ ಹಿತಮಿತವಾದ ಸಂದೇಹ ಸಾಕೆಂದನು.

ನಮ್ಮ ನಾಡಿನಲ್ಲಿಯೂ ಸಂದೇಹಿಗಳಿಗೆ ಹೆಸರಿಟ್ಟವರು ಬಹುಮಟ್ಟಿಗೆ ಅವರ ಎದುರಾಳಿಗಳೇ. ಬುದ್ಧನ ಕಾಲದಲ್ಲಿ ಸಂಜಯ ಬೇಲಟ್ಠಪುತ್ತ ಎಂಬ ಆಚಾರ್ಯನಿದ್ದನು. ಪರಲೋಕವಿದೆಯೇ ಎಂದರೆ, ಇದೆ ಎಂದೂ ಹೇಳನು, ಇಲ್ಲ ಎಂದೂ ಹೇಳನು, ಎರಡೂ ಎನ್ನನು, ಎರಡೂ ಅಲ್ಲ ಎಂದೂ ಎನ್ನನು. ಇಂಥವರಿಗೆ ಬೌದ್ಧ ಗ್ರಂಥಗಳು ಇಟ್ಟ ಹೆಸರು ‘ಅಮರಾವಿಕ್ಖೇಪಿಕ’. ಕೈಗೆ ಸಿಗದೆ ಜಾರುವ ಹಾವುಮೀನಿನಂಥವರು ಎಂದು ಅದಕ್ಕೆ ಒಂದು ಅರ್ಥ ಹೇಳುತ್ತಾರೆ. ಬುದ್ಧನ ಪ್ರಧಾನ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನರಿಬ್ಬರೂ ಮೊದಲು ಇದೇ ಸಂಜಯನ ಬಳಿ ಕಲಿತವರೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ‘ಚಾರ್ವಾಕ’ ಎಂಬ ಹೆಸರನ್ನು ಇಂದಿಗೂ ಬೈಗುಳದಂತೆ ಬಳಸುವವರಿದ್ದಾರೆ. ಆದರೆ ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿ. ರಾಜನಾಗುವವನು ಕಲಿಯಬೇಕಾದ ಆನ್ವೀಕ್ಷಿಕಿ ಎಂಬ ವಿಚಾರವಿದ್ಯೆಯಲ್ಲಿ ಸಾಂಖ್ಯ, ಯೋಗಗಳ ಜೊತೆಗೆ ಲೋಕಾಯತವನ್ನೂ ಅಲ್ಲಿ ಹೇಳಿದೆ. ಅಲ್ಲಿ ಅದು ಬೈಗುಳವಲ್ಲ, ಪಾಠ.

ಇನ್ನು ‘ಸ್ಕೆಪ್ಟಿಕ್’ ಪದವನ್ನು ನಾವು ಕನ್ನಡದಲ್ಲಿ ‘ಸಂಶಯವಾದಿ’ ಎಂದೋ ‘ಸಂದೇಹವಾದಿ’ ಎಂದೋ ಬಳಸುತ್ತೇವೆ. ಮೂಲ ಗ್ರೀಕ್ ಧಾತುವಿನ ಅರ್ಥ ನಿರುಕಿಸಿ ನೋಡು, ಪರಿಶೀಲಿಸು ಎಂದು. ಅದರಲ್ಲಿ ಶಂಕೆಯ ಕಹಿ ಇಲ್ಲ. ನಮ್ಮ ‘ಜಿಜ್ಞಾಸು’ ಎಂಬ ಪದ ಅದಕ್ಕೆ ಹೆಚ್ಚು ಹತ್ತಿರ. ಹಾಗೆ ನೋಡಿದರೆ ‘ಸಂಶಯ’ವೂ ಕೀಳು ಪದವಲ್ಲ. ನ್ಯಾಯಶಾಸ್ತ್ರ ಎಣಿಸುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ನಂತರ ಮೂರನೆಯದೇ ಸಂಶಯ. ಸಂಶಯ ಹುಟ್ಟದಿದ್ದರೆ ವಿಚಾರ ಮೊದಲಾಗುವುದೇ ಇಲ್ಲ. ಶಾಸ್ತ್ರದಲ್ಲಿ ಇಷ್ಟು ಮೇಲಿರುವ ಪದ ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ‘ಸಂಶಯಪಿಶಾಚಿ’ ಆಗಿ ಇಳಿದದ್ದು ಹೇಗೋ!

ಪಿರ್ರೋನ ವಿಚಾರ ಭಾರತದಿಂದಲೇ ಬಂದದ್ದು ಎಂದು ಹೇಳುವ ವಿದ್ವಾಂಸರಿದ್ದಾರೆ. ಕ್ರಿಸ್ಟೋಫರ್ ಬೆಕ್‌ವಿತ್ ಎಂಬವರು 2015ರ ತಮ್ಮ ಪುಸ್ತಕದಲ್ಲಿ ಅವನನ್ನು ‘ಗ್ರೀಕ್ ಬುದ್ಧ’ ಎಂದೇ ಕರೆದರು. ಗ್ರೀಕ್ ತತ್ತ್ವಶಾಸ್ತ್ರದೊಳಗಿನಿಂದಲೇ ಅವನ ವಿಚಾರವನ್ನು ವಿವರಿಸಬಹುದೆನ್ನುವವರೂ ಇದ್ದಾರೆ. ಇದನ್ನು ಓದುವಾಗ ನನ್ನ ಮನಸ್ಸು ಮತ್ತೆ ಕಥೆ ಕಟ್ಟಲು ಹೊರಟಿತು. ಬೆತ್ತಲೆ ಜ್ಞಾನಿಗಳೆಂದರೆ ದಿಗಂಬರರು; ದಿಗಂಬರರೆಂದರೆ ನಮ್ಮ ಶ್ರವಣಬೆಳಗೊಳ; ಅಲ್ಲಿಗೆ ಬಂದನೆನ್ನುವ ಚಂದ್ರಗುಪ್ತ ಮೌರ್ಯನೂ ಪಿರ್ರೋನ ಸಮಕಾಲೀನ. ಆಹಾ, ಎಷ್ಟು ಸುಂದರವಾದ ಸರಪಳಿ! ಅಲ್ಲಿಗೆ ಬಂದಾಗ ನನ್ನ ಲೇಖನಿ ನಿಂತಿತು. ಶ್ರವಣಬೆಳಗೊಳದ ಹೆಸರಿನೊಡನೆ ಒಬ್ಬ ಹುಡುಗನ ಮುಖ ಎದುರಿಗೆ ಬಂದಿತು.

1995ರ ಜನವರಿ. ಒಂಬತ್ತನೇ ತರಗತಿಯ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಪ್ರವಾಸ ಕರೆದೊಯ್ದಿದ್ದೆವು. ದೊಡ್ಡಬೆಟ್ಟ ಹತ್ತಿ ಇಳಿದು, ಮಧ್ಯಾಹ್ನ ಪುಳಿಯೋಗರೆ, ಮೊಸರನ್ನ ತಿಂದು, ಚಿಕ್ಕಬೆಟ್ಟ ಹತ್ತಿದೆವು. ಚಂದ್ರಗಿರಿ ಎಂಬುದು ಅದರ ಇನ್ನೊಂದು ಹೆಸರು. ಅಲ್ಲಿ ಬಂಡೆಯ ಮೇಲಿನ ಪ್ರಾಚೀನ ಶಾಸನದ ಎದುರು ನಿಂತು ನಾನು ಉತ್ಸಾಹದಿಂದ ಪಾಠ ಶುರುಮಾಡಿದೆ. ಚಂದ್ರಗುಪ್ತ ಮೌರ್ಯ ಸಿಂಹಾಸನ ತ್ಯಜಿಸಿ, ಗುರು ಭದ್ರಬಾಹುವಿನೊಡನೆ ಇಲ್ಲಿಗೆ ಬಂದು, ಸಲ್ಲೇಖನ ವ್ರತದಿಂದ ದೇಹ ಬಿಟ್ಟನು. ಶಾಸನ ಸುಮಾರು ಕ್ರಿ.ಶ. 600ರದ್ದು ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೈ ಎತ್ತಿದ. "ಸರ್, ಚಂದ್ರಗುಪ್ತ ಸತ್ತಿದ್ದು ಕ್ರಿಸ್ತಪೂರ್ವ ಮುನ್ನೂರರ ಹತ್ತಿರ ಅಂದ್ರಿ. ಶಾಸನ ಬರೆದಿದ್ದು ಒಂಬೈನೂರು ವರ್ಷ ಆದ್ಮೇಲೆ. ಬರೆದವರಿಗೆ ಹೇಗೆ ಗೊತ್ತಾಯ್ತು ಸರ್? ಇದರಲ್ಲಿ ಅವನ ಹೆಸರು ಇದೆಯಾ?"

ನನಗೆ ಉತ್ತರ ತಿಳಿದಿರಲಿಲ್ಲ. ಬಿಸಿಲಿನಲ್ಲಿ ಬೆಟ್ಟ ಹತ್ತಿ ದಣಿದಿದ್ದೆ. ಜೊತೆಯ ಅಧ್ಯಾಪಕರು ನೋಡುತ್ತಿದ್ದರು. "ಏಯ್, ನೀನೊಬ್ಬ ಸಂಶಯಪಿಶಾಚಿ! ಸುಮ್ಮನೆ ಬರ್ಕೊಳೋ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಬಸ್ಸಿನಲ್ಲಿ ಹಿಂತಿರುಗುವಷ್ಟರಲ್ಲಿ ಹುಡುಗರು ಅದನ್ನು ‘ಪಿಶಾಚಿ’ ಎಂದು ಮೊಟಕು ಮಾಡಿದ್ದರು. ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಆ ಹುಡುಗ ನನ್ನ ತರಗತಿಯಲ್ಲಿ ಮತ್ತೆ ಕೈ ಎತ್ತಿದ್ದು ನನಗೆ ನೆನಪಿಲ್ಲ. ಬಿ.ಎಡ್. ಪರೀಕ್ಷೆಯಲ್ಲಿ ‘ಪ್ರಶ್ನಿಸುವ ಮಗುವನ್ನು ಪ್ರೋತ್ಸಾಹಿಸುವ ವಿಧಾನಗಳು’ ಎಂಬುದಕ್ಕೆ ಎರಡು ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದಿದ್ದವನು ನಾನು.

ಅವನು ಕೇಳಿದ ಪ್ರಶ್ನೆಯನ್ನೇ ಅವನಿಗಿಂತ ನೂರು ವರ್ಷ ಮೊದಲು ದೊಡ್ಡ ವಿದ್ವಾಂಸರು ಕೇಳಿದ್ದರು. ಬಿ.ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆ ಮೊದಲ ಶಾಸನದಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಭದ್ರಬಾಹು ಮೊದಲೇ ತಿಳಿಸಿದ್ದು, ಸಂಘವು ಉತ್ತರದಿಂದ ದಕ್ಷಿಣಕ್ಕೆ ಬಂದದ್ದು, ಪ್ರಭಾಚಂದ್ರನೆಂಬ ಆಚಾರ್ಯನು ಈ ಬೆಟ್ಟದಲ್ಲಿ ಸಮಾಧಿ ಹೊಂದಿದ್ದು ಬರುತ್ತದೆ. ಚಂದ್ರಗುಪ್ತ ಎಂಬ ಹೆಸರು ಅದರಲ್ಲಿ ಇಲ್ಲ. ಪ್ರಭಾಚಂದ್ರನೇ ದೀಕ್ಷೆ ಪಡೆದ ಚಂದ್ರಗುಪ್ತ ಎಂದು ರೈಸ್ ಭಾವಿಸಿದರು, ಜೆ.ಎಫ್. ಫ್ಲೀಟ್ ಒಪ್ಪಲಿಲ್ಲ. ಸುಮಾರು ಐವತ್ತು ವರ್ಷ ಈಚಿನ ಇನ್ನೊಂದು ಶಾಸನದಲ್ಲಿ ಭದ್ರಬಾಹು, ಚಂದ್ರಗುಪ್ತ ಎಂಬ ಮುನಿಗಳ ಜೋಡಿ ಹೆಸರು ಬರುತ್ತದೆ. ಹರಿಷೇಣನ ಬೃಹತ್ಕಥಾಕೋಶ ಚಂದ್ರಗುಪ್ತನ ಕಥೆಯನ್ನು ಹೇಳುವುದು ಕ್ರಿ.ಶ. 931ರಲ್ಲಿ. 1923ರಲ್ಲಿ 500 ಶಾಸನಗಳ ಪರಿಷ್ಕೃತ ಸಂಪುಟವನ್ನು ತಂದ ಆರ್. ನರಸಿಂಹಾಚಾರ್ಯರು ಎಲ್ಲವನ್ನೂ ತೂಗಿ ನೋಡಿ, ಐತಿಹ್ಯಕ್ಕೆ ಸ್ವಲ್ಪ ಆಧಾರವಿರುವಂತಿದೆ ಎಂಬ ಕಡೆಗೆ ವಾಲಿದರು. ಒಪ್ಪುವವರೂ ಒಪ್ಪದವರೂ ಇಂದಿಗೂ ಇದ್ದಾರೆ. ಯಾರ ಶ್ರದ್ಧೆಗೂ ಇದರಿಂದ ಕುಂದಿಲ್ಲ. ‘ಐತಿಹ್ಯ ಹೀಗೆ ಹೇಳುತ್ತದೆ, ಶಾಸನ ಇಷ್ಟು ಹೇಳುತ್ತದೆ, ಇನ್ನೂ ಹುಡುಕಬೇಕು ಮಗು’ ಎಂದು ಅಂದು ಹೇಳಿದ್ದರೆ ಸಾಕಿತ್ತು. ಅಷ್ಟೇ ಎಪೋಖೇ. ಬೆಟ್ಟದ ಮೇಲೆ ಅಂದು ಅದನ್ನು ಆಚರಿಸಿದವನು ಹದಿನಾಲ್ಕು ವರ್ಷದ ಹುಡುಗ.

ಎರಡು ವರ್ಷಗಳ ಹಿಂದೆ ಆ ತಂಡದವರು ಸೇರಿ ಹಳೆಯ ಅಧ್ಯಾಪಕರಿಗೆ ಗುರುವಂದನೆ ಏರ್ಪಡಿಸಿದ್ದರು. ಊಟದ ಸಾಲಿನಲ್ಲಿ ನಿಂತಿದ್ದಾಗ ಯಾರೋ ಹಿಂದಿನಿಂದ "ಲೋ ಪಿಶಾಚಿ, ಇಲ್ಲಿ ಬಾರೋ" ಎಂದು ಪ್ರೀತಿಯಿಂದಲೇ ಕೂಗಿದರು. ತಿರುಗಿದರೆ ಅವನು. ಪಕ್ಕದಲ್ಲಿ ಎಂಟು ಒಂಬತ್ತು ವರ್ಷದ ಮಗಳು. "ಅಪ್ಪ, ಯಾಕೆ ನಿನ್ನನ್ನ ಹಂಗೆ ಕರೀತಾರೆ?" ಎಂದು ಕೇಳಿತು. ಅವನು ನಗುತ್ತಾ, "ನಮ್ಮ ಮೇಷ್ಟ್ರು ಇಟ್ಟ ಹೆಸರು ಪುಟ್ಟಿ" ಎಂದು ನನ್ನ ಕಡೆ ನೋಡಿದ. ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಬಾಗಿ ನನ್ನ ಕಾಲು ಮುಟ್ಟಿದ. ನಾನೂ ನಕ್ಕು, ಹರಸಿ, ಎಲೆಯ ಮುಂದೆ ಹೋಗಿ ಕುಳಿತೆ. ಆಗಲೂ ಏನೂ ಹೇಳಲಿಲ್ಲ.

ಕಲನೋಸನ ನಿಜವಾದ ಹೆಸರು ಗ್ರೀಕರಿಗೆ ಬೇಡವಾಗಿತ್ತು ಎಂದು ಮೇಲೆ ಬರೆದೆ. ಇಪ್ಪತ್ತೆಂಟು ವರ್ಷ ಈ ಹುಡುಗನನ್ನು ಅವನ ಗೆಳೆಯರು ಕರೆದದ್ದೂ ಅವನ ಹೆಸರಿನಿಂದಲ್ಲ. ಗ್ರೀಕರು ಹೆಸರಿಟ್ಟದ್ದು ಆ ಸನ್ಯಾಸಿಯ ಬಾಯಿಂದ ಬಂದ ಹರಕೆಯಿಂದ. ನಾನು ಹೆಸರಿಟ್ಟದ್ದು ನನ್ನ ಅಜ್ಞಾನವನ್ನು ಮುಚ್ಚಿಕೊಳ್ಳಲು. ಅವನು ಇದನ್ನು ಓದುತ್ತಾನೆಂದು ಬಲ್ಲೆ. ಅಪ್ಪಾ, ಅಂದು ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ನನಗೆ ಗೊತ್ತಿರಲಿಲ್ಲ. ನಾನು ಇಟ್ಟ ಹೆಸರನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ, ಕ್ಷಮಿಸು. ನಿನ್ನ ಸಹಪಾಠಿಗಳಿಗೂ ನನ್ನ ವಿನಂತಿ ಇದೆ: ಇನ್ನು ಅವನನ್ನು ತಂದೆತಾಯಿ ಇಟ್ಟ ಹೆಸರಿನಿಂದ ಕರೆಯಿರಿ, ಮಗಳ ಮುಂದಾದರೂ.

ಹುಬ್ಬಳ್ಳಿಗೆ ಮೊನ್ನೆ ದೂರವಾಣಿ ಮಾಡಿದೆ. "ನಾನು ಹೇಳಿದ್ದು ತಪ್ಪಮ್ಮ. ಅವನೇ ಬೇರೆ, ಇವನೇ ಬೇರೆ. ಅಶೋಕನ ಹೋಲಿಕೆಯಂತೂ ಶುದ್ಧ ಸುಳ್ಳು" ಎಂದು ಎಲ್ಲವನ್ನೂ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನನ್ನ ಮಗಳಿಗೆ ಅವತ್ತೇ ಅನುಮಾನ ಬಂದಿತ್ತು. ನಾನೇ ಗದರಿಸಿಬಿಟ್ಟೆ, ನಮ್ಮ ಮೇಷ್ಟ್ರು ಹೇಳಿದ ಮೇಲೆ ಮುಗೀತು ಅಂತ" ಎಂದಳು.

"ಫೋನು ಅವಳ ಕೈಗೆ ಕೊಡಮ್ಮ" ಎಂದೆ.